ಹತ್ತು ಎಳೆ, ಮೂವತ್ತೆಂಟು ಸೆಕೆಂಡು

ಕುರಿಚಿ
12-6-1984

ಅಕ್ಕನಿಗೆ ಈಶ್ವರನ್ ಮಾಡುವ ನಮಸ್ಕಾರ.

ಕಾಗದ ಬಂತು ಅಂತ ಹೆದರಬೇಡ, ಯಾರೂ ಸತ್ತಿಲ್ಲ. ಕನ್ನಡದಲ್ಲಿ ಬರೆದಿರೋದಕ್ಕೆ ಕಾರಣ ಇದೆ. ನಮ್ಮ ಕಂಪನಿ ಗೇಟಿನಲ್ಲಿ ಬರೋ ಕಾಗದ, ಹೋಗೋ ಕಾಗದ ಎಲ್ಲ ಒಡೆದು ಓದ್ತಾರೆ. ತಮಿಳು ಓದ್ತಾರೆ, ಇಂಗ್ಲಿಷ್ ಓದ್ತಾರೆ. ಇದನ್ನ ನೋಡಿ ಏನೋ ಮನೆದೇವರ ವಿಚಾರ ಅಂತ ಬಿಟ್ಟುಬಿಡ್ತಾರೆ. ಈ ತಮಿಳು ಸೀಮೇಲಿದ್ದೂ ತಾತ ಮರಳಲ್ಲಿ ಬೆರಳು ಹಿಡಿದು ತಿದ್ದಿಸಿದ್ದು ಈಗ ಕೆಲಸಕ್ಕೆ ಬಂತು ನೋಡು. ನಮ್ಮ ಬೀದೀಲಿ ಈ ಅಕ್ಷರ ಓದೋರು ಇನ್ನು ನೀನೊಬ್ಬಳೇ ಇರಬೇಕು.

ವಿಷಯ ಏನಂದ್ರೆ, ನಮ್ಮ ಕಂಪನಿ ಯಜಮಾನರು, ಮುದಲಾಳಿ ಸೋಮಸುಂದರಂ ಸಾರ್‌ಗೆ ಮಿಲ್ಟ್ರಿ ಕಾಂಟ್ರಾಕ್ಟ್ ಸಿಕ್ಕಿದೆ. ಲೇಸರ್ ಅಂತ ಒಂದು ಬೆಳಕು. ಎಳೆದು ಕಟ್ಟಿದ ನೂಲಿನ ಹಾಗೆ ನೆಟ್ಟಗೆ ಹೋಗುತ್ತೆ. ಟ್ಯಾಂಕಿನ ಮೇಲೆ ಕೂರಿಸಿ ಶತ್ರು ಎಷ್ಟು ದೂರ ಇದ್ದಾನೆ ಅಂತ ಅಳೆಯೋಕೆ. ಅದು ನಮ್ಮ ಸಿಪಾಯಿ ಕಣ್ಣಿಗೇ ತಾಕಿದ್ರೆ? ಎಷ್ಟರವರೆಗೆ ತಾಕಿದ್ರೆ ಪರವಾಗಿಲ್ಲ? ಅದನ್ನ ಕಂಡುಹಿಡಿದು ಬರೆದುಕೊಡಬೇಕು. ಮೊಲಗಳ ಮೇಲೆ ನೋಡಿ ಆಯ್ತು. ಮೊಲ ಬಾಯಿಬಿಟ್ಟು ಏನೂ ಹೇಳಲ್ಲ. ಈಗ ಮನುಷ್ಯರು ಬೇಕು.

ಕೊಳವೆಯಲ್ಲಿ ಕಣ್ಣಿಟ್ಟು ಬೆಳಕು ನೋಡಬೇಕು, ಆಮೇಲೆ ತಕ್ಷಣ ಯಾವುದಾದ್ರೂ ಸಣ್ಣ ಕೆಲಸ ಮಾಡಿ ತೋರಿಸಬೇಕು. ಎಷ್ಟು ಬೇಗ ಮಾಡಿದ್ರೆ ಕಣ್ಣು ಅಷ್ಟು ಚೆನ್ನಾಗಿದೆ ಅಂತ ಲೆಕ್ಕ. ಯಾವ ಕೆಲಸ ಕೊಡೋದು ಅಂತ ದೊಡ್ಡ ದೊಡ್ಡವರೆಲ್ಲ ತಲೆ ಕೆರ್ಕೊಂಡು ಕೂತಿದ್ರು. ನಾನು ಎದ್ದು ನಿಂತು ‘ಕೆಚ್ಚೋದು’ ಅಂದೆ! ಮಗ್ಗದ ಮೇಲಿನ ಹಳೇ ಹಾಸಿನ ಎಳೆಗೆ ಹೊಸ ಹಾಸಿನ ಎಳೆ ಸೇರಿಸಿ, ಬೂದಿ ಮುಟ್ಟಿದ ಬೆರಳಲ್ಲಿ ಹೊಸೆಯೋ ನಮ್ಮನೆ ಕೆಲಸ. ನೀವೆಲ್ಲ ತಲೆ ಬಗ್ಗಿಸಿ ಕಣ್ಣಿಟ್ಟು ಕೂತಿರ್ತಿದ್ದದ್ದು ನೆನಪಾಯ್ತು. ಕೂದಲಂಥ ಎಳೆ, ಬಿಳಿ ಮೇಲೆ ಬಿಳಿ. ಸಾರ್ ನನ್ನ ಬೆನ್ನು ತಟ್ಟಿದ್ರು. ಈಗ ಸ್ಟಾಪ್‌ವಾಚು ನನ್ನ ಕೈಗೇ ಬಂದಿದೆ.

ಮಿಲ್ಲಿನಿಂದ ನಾಲ್ಕು ಜನರನ್ನ ಕರೆಸಿದ್ವಿ. ಬೆಳಕು ನೋಡೋಕೆ ಮುಂಚೆನೇ ಎಳೆ ಕಡಿದರು. ನಿನ್ನ ಮಗಳು ವಿಜಯಕುಮಾರಿಯನ್ನ ಕಳಿಸು ಅಕ್ಕಾ. ಇರೋಕೆ ರೂಮು ಇದೆ, ಅಡುಗೆಗೆ ಹೆಂಗಸಿದ್ದಾಳೆ. ನನ್ನ ಕಣ್ಣೆದುರೇ ಇರ್ತಾಳೆ. ಮುಂದೆ ಆಗಬೇಕಾದ್ದು ಹೇಗೂ ಇದೆಯಲ್ಲ.

ಈಶ್ವರನ್


ಅವಿನಾಶಿ
20-6-1984

ತಮ್ಮ ಈಶ್ವರನಿಗೆ ಅಕ್ಕ ಪಳನಿಯಮ್ಮನ ಆಶೀರ್ವಾದ.

ಮೂರು ವರ್ಷದ ಹಿಂದೆ ನಿನ್ನ ಭಾವ ತೀರಿಕೊಂಡಾಗ ನೀನು ಬರೆದಿದ್ದೆ, ಆಮೇಲೆ ಈಗ ನೆನಪಾದೆನಾ? ಪರವಾಗಿಲ್ಲ, ದೊಡ್ಡ ಮನುಷ್ಯ ಆಗಿದ್ದೀಯ. ಸ್ಟಾಪ್‌ವಾಚು ಹಿಡಿದಿದ್ದೀಯ.

ಕೆಚ್ಚೋ ವಿಚಾರ ನಿಂಗೇನೋ ಗೊತ್ತು? ನೀನು ಹಾಸಿನ ಹತ್ತಿರ ಬಂದ್ರೆ ಎಳೆ ಕಡೀತೀಯ ಅಂತ ಅಪ್ಪ ಕೋಲು ತಗೊಂಡು ಓಡಿಸ್ತಿದ್ರು. ನಿನ್ನ ಪಾಲಿನ ಎಳೆನೂ ನಾನೇ ಕೆಚ್ಚಿದ್ದು. ಅದಕ್ಕೇ ನೀನು ಹಾಸ್ಟೆಲಿಗೆ ಹೋಗಿ ಸಾರ್ ಆದೆ, ನಾನು ಬೂದಿ ಬೆರಳವಳಾಗಿ ಇಲ್ಲೇ ಉಳಿದೆ.

(ಇಲ್ಲಿ ಎರಡು ಸಾಲು ಬರೆದು ಹೊಡೆದುಹಾಕಿದ್ದೀನಿ. ಅದು ಬೇಡ, ಬಿಡು.) ನಿಮ್ಮ ಸಾರ್‌ಗಳೆಲ್ಲ ಒಪ್ಪಿದ್ದಾರೆ ಅಂದಮೇಲೆ ಸರಿಯಾಗೇ ಇರಬೇಕು. ಒಳ್ಳೇ ಯೋಚನೆ ಮಾಡಿದ್ದೀಯ.

ವಿಜಯಾ ಕೈ ನಿಂಗೆ ಗೊತ್ತಿಲ್ಲ. ಇಡೀ ಬೀದೀಲಿ ಅವಳಷ್ಟು ಬೇಗ ಕೆಚ್ಚೋರು ಇಲ್ಲ. ‘ಮಾವ ಕರೆದಿದ್ದಾರೆ’ ಅಂದ ತಕ್ಷಣ ಪೆಟ್ಟಿಗೆ ಒರೆಸೋಕೆ ಕೂತಳು, ಪೈತ್ಯಕಾರಿ, ಹುಚ್ಚು ಹುಡುಗಿ. ಮುಂದೆ ಆಗಬೇಕಾದ್ದು ಅಂತ ನೀನು ಜಾರಿಸಿ ಬರೆದಿದ್ದೀಯ. ನಾನು ಬಾಯ್ಬಿಟ್ಟೇ ಬರೀತೀನಿ. ಅಕ್ಕನ ಮಗಳು ತಾಯಿಯ ತಮ್ಮನಿಗೆ ಮುರೆ, ಅವನೇ ಕಟ್ಕೋಬೇಕು. ಅವಳು ತೊಟ್ಟಿಲಲ್ಲಿದ್ದಾಗಲೇ ಅಪ್ಪ ನಿನ್ನ ಹೆಸರು ಹೇಳಿ ಸಕ್ಕರೆ ಹಂಚಿದ್ದಾರೆ. ಬರೋ ತೈ ತಿಂಗಳಲ್ಲಿ, ಪೊಂಗಲ್ ಕಳೆದಮೇಲೆ, ಮುಹೂರ್ತ ನೋಡ್ತೀನಿ. ಅಲ್ಲೀವರೆಗೆ ಕೆಲಸ ಮಾಡ್ಲಿ.

ಆ ಬೆಳಕು ಕಣ್ಣಿಗೆ ಏನೂ ಮಾಡಲ್ಲ ತಾನೇ? ಒಂದು ಸಾಲು ಬರಿ, ಸಾಕು.

ಪಳನಿಯಮ್ಮ


ಕುರಿಚಿ
3-9-1984

ಅಕ್ಕಾ,

ಒಂದು ಸಾಲು ಕೇಳಿದ್ದೆ, ಬರೆಯೋಕೆ ಎರಡು ತಿಂಗಳಾಯ್ತು. ಬಯ್ಯಬೇಡ. ಬೆಳಕು ಏನೂ ಮಾಡಲ್ಲ. ಮಾಡಿದ್ರೆ ನಿನ್ನ ಮಗಳು ಹೀಗೆ ಕೆಚ್ತಿದ್ಲಾ?

ಎಂಥ ಕೈ ಅಕ್ಕಾ ಅದು! ಹತ್ತು ಎಳೆಗೆ ಐವತ್ತು ಸೆಕೆಂಡಿನ ಒಳಗೆ. ಬೆಳಕಿಗೆ ಒಂಬತ್ತು ಮೆಟ್ಟಿಲು ಮಾಡಿದ್ದಾರೆ, ಒಂದೊಂದಾಗಿ ಏರಿಸ್ತಾ ಹೋಗೋದು. ಮೂರನೇ ಮೆಟ್ಟಿಲಿಗೆ ನಿಲ್ಲಿಸಬೇಕಾಗಬಹುದು ಅಂದ್ಕೊಂಡಿದ್ವಿ. ಇವಳು ನಿಧಾನ ಆಗೋದೇ ಇಲ್ಲ, ಅದಕ್ಕೆ ಈಗ ಆರರಲ್ಲಿದ್ದೀವಿ. ದೆಹಲಿಯಿಂದ ಬಂದಿದ್ದ ಮೇಜರ್ ಒಬ್ಬರು ‘ವಂಡರ್‌ಫುಲ್ ಐಸೈಟ್’ ಅಂತ ಎರಡು ಸಲ ಅಂದ್ರು. ಮುಂಚೆ ವಾರಕ್ಕೊಂದು ಸಲ ಕಣ್ಣಿನ ಡಾಕ್ಟರ್ ಬಂದು ನೋಡ್ತಿದ್ರು. ಈಗ ಬೇಡ ಅಂದಿದ್ದಾರೆ ಸೋಮಸುಂದರಂ ಸಾರ್. ‘ನಿನ್ನ ಕೆಚ್ಚೇ ಡಾಕ್ಟರು ಕಣಯ್ಯಾ’ ಅಂದ್ರು.

ಒಂದು ದೂರು ಇದೆ. ನಿನ್ನ ಮಗಳಿಗೆ ಸ್ವಲ್ಪ ಸೊಕ್ಕು ಬಂದಿದೆ. ಮುಖ ಕೊಟ್ಟು ಮಾತಾಡಲ್ಲ. ನಾನು ಎದುರಿಗೆ ನಿಂತ್ರೆ ನನ್ನ ಕಿವಿ ಕಡೆ ನೋಡ್ಕೊಂಡು ಮಾತಾಡ್ತಾಳೆ. ಮೊನ್ನೆ ಸಾರ್ ಮುಂದೆನೂ ಹಾಗೇ. ಒಂದು ಮಾತು ಹೇಳು.

ಈಶ್ವರನ್


ಅವಿನಾಶಿ
27-10-1984

ಈಶ್ವರಾ,

ದೀಪಾವಳಿಗೆ ಮಗಳು ಬಂದು ಹೋದಳು. ನೀನು ಬರ್ತೀಯ ಅಂತ ಕಜ್ಜಾಯ ಎತ್ತಿಟ್ಟಿದ್ದೆ, ಇರುವೆ ತಿಂದವು.

ನೀನು ಸೊಕ್ಕು ಅಂದಿದ್ದೆ. ನಾನು ನಾಚಿಕೆ ಅಂದ್ಕೊಂಡೆ. ಮದುವೆ ಆಗೋ ಹುಡುಗಿ, ಮಾವನ ಮುಖ ಹೇಗೆ ನೆಟ್ಟಗೆ ನೋಡ್ತಾಳೆ? ಆದ್ರೆ ಈಶ್ವರಾ, ಅವಳು ನನ್ನ ಮುಖನೂ ಹಾಗೇ ನೋಡ್ತಾಳೆ. ನಾನು ಅವಳ ಹೆತ್ತವಳು, ನನ್ನ ಹತ್ತಿರ ಎಂಥ ನಾಚಿಕೆ? ಎಣ್ಣೆ ಹಾಕು ಅಂದ್ರೆ ಹಣತೆ ಪಕ್ಕಕ್ಕೆ ಸುರಿದಳು. ಕೇಳಿದ್ದಕ್ಕೆ ‘ಹಣತೆ ಸುತ್ತ ಬೆಳಕು ಕಾಣುತ್ತಮ್ಮ, ಕುಡಿ ಮಾತ್ರ ಕಾಣಲ್ಲ’ ಅಂದಳು. ಅಂದು ನಕ್ಕಳು. ‘ಮಾವನಿಗೆ ಬರೀಬೇಡ, ಕೆಲಸದಿಂದ ತೆಗೀತಾರೆ’ ಅಂದಳು. ಆದ್ರೂ ಬರೀತಿದ್ದೀನಿ.

ಬೆಳಕು ಕಮ್ಮಿ ಮಾಡಿಸು. ಡಾಕ್ಟರನ್ನ ಮತ್ತೆ ಕರೆಸು. ಕೆಚ್ಚೋದೊಂದನ್ನೇ ನಂಬಬೇಡ. ಯಾಕೆ ಅಂತ ಕೇಳಬೇಡ, ನಂಬಬೇಡ ಅಷ್ಟೇ.

ತೈ ತಿಂಗಳಲ್ಲಿ ಎರಡು ಮುಹೂರ್ತ ಇದೆಯಂತೆ. ಯಾವುದು ಅಂತ ಬರಿ.

ಪಳನಿಯಮ್ಮ


ಕುರಿಚಿ
9-11-1984

ಅಕ್ಕಾ,

ನೀನು ಗುಡ್ಡಾನ ಬೆಟ್ಟ ಮಾಡಬೇಡ. ಪಟಾಕಿ ಹೊಗೆಗೆ ಕಣ್ಣು ಮಂಜಾಗಿರುತ್ತೆ. ನಮ್ಮ ಹುಡುಗೀರಿಗೆಲ್ಲ ರಕ್ತ ಕಮ್ಮಿ, ನುಗ್ಗೆಸೊಪ್ಪು ತಿಂದ್ರೆ ಸರಿಹೋಗುತ್ತೆ.

ನಿನ್ನೆ ಎಂಟನೇ ಮೆಟ್ಟಿಲಲ್ಲಿ ನೋಡಿದ್ವಿ. ಹತ್ತು ಎಳೆ, ಮೂವತ್ತೆಂಟು ಸೆಕೆಂಡು. ಕೇಳ್ತಿದ್ದೀಯಾ? ಬೆಳಕು ಏರಿದಷ್ಟೂ ಇವಳು ಚುರುಕಾಗ್ತಿದ್ದಾಳೆ! ಕಣ್ಣು ಕೆಟ್ಟವಳು ಹೀಗೆ ಕೆಚ್ತಾಳಾ, ನೀನೇ ಹೇಳು. ಇನ್ನು ಒಂದೇ ಮೆಟ್ಟಿಲು, ಹತ್ತು ದಿನದ ಕೆಲಸ. ಪೊಂಗಲ್ ಒಳಗೆ ರಿಪೋರ್ಟ್ ಹೋಗಬೇಕು. ಈಗ ನಿಲ್ಲಿಸಿದ್ರೆ ಸಾರ್ ಮುಂದೆ ನನ್ನ ಮಾನ ಹೋಗುತ್ತೆ.

ಮುಹೂರ್ತದ ಮಾತು ರಿಪೋರ್ಟ್ ಆದಮೇಲೆ.

ಈಶ್ವರನ್


ಅವಿನಾಶಿ
17-1-1985

ಈಶ್ವರಾ,

ಪೊಂಗಲ್ ದಿನ ಬಾಗಿಲಿಗೆ ರಂಗೋಲಿ ಹಾಕು ಅಂತ, ನಿನ್ನಲ್ಲಿ ಕೆಲಸ ಮುಗಿಸಿ ಬಂದ ವಿಜಯಾಗೆ ಹೇಳಿದೆ. ಐದು ವರ್ಷದವಳಾಗಿದ್ದಾಗಿನಿಂದ ಹಾಕ್ತಾಳೆ. ಸುತ್ತಲೂ ಬಳ್ಳಿ ಚೆನ್ನಾಗೇ ಬಂತು. ನಡುವೆ ಮೊರದಗಲ ನೆಲ ಹಾಗೇ ಖಾಲಿ. ಮುಗೀತಮ್ಮ ಅಂತ ಎದ್ದು ಕೈ ಒದರಿದಳು. ಬೀದಿ ಹೆಂಗಸರೆಲ್ಲ ನೋಡ್ತಿದ್ರು. ಇದೇನೇ ಹೊಸ ಮಾದರಿ ಅಂತ ಒಬ್ಬಳು ನಕ್ಕಳು. ನಾನು ಒಳಗೆ ಹೋಗಿ ಬಾಯಿಗೆ ಸೆರಗು ತುರುಕ್ಕೊಂಡು ಅತ್ತೆ.

ನೋಡಿದ್ದೆಲ್ಲದರ ನಡುವೆ ಕರೀ ತೂತಂತೆ. ನನ್ನ ಕಡೆ ನೋಡಿದ್ರೆ ಸೀರೆ ಅಂಚು ಕಾಣುತ್ತಂತೆ, ಮುಖ ಕಾಣಲ್ಲವಂತೆ. ನವೆಂಬರಿನಲ್ಲಿ ಇಷ್ಟಿರಲಿಲ್ಲವಂತೆ. ನಿನ್ನ ಒಂಬತ್ತನೇ ಮೆಟ್ಟಿಲು ಆದಮೇಲೆ ಹೀಗಂತೆ.

ಈಗ ಹೇಳ್ತೀನಿ ಕೇಳು. ಕೆಚ್ಚೋಕೆ ಕಣ್ಣು ಬೇಡ! ಯಾರು ನೋಡ್ಕೊಂಡು ಕೆಚ್ತಾರೆ? ಬೆರಳಿಗೆ ಎಳೆ ಸಿಗುತ್ತೆ, ಬೆರಳೇ ಹೊಸೆಯುತ್ತೆ. ನಮ್ಮಜ್ಜಿ ಎರಡೂ ಕಣ್ಣಿಗೆ ಪೊರೆ ಬಂದಮೇಲೆ ಹನ್ನೆರಡು ವರ್ಷ ಕೆಚ್ಚಿದಳು. ವಿಜಯಾಗೆ ನಾನು ಕಲಿಸಿದ್ದೇ ಕಣ್ಣಿಗೆ ಬಟ್ಟೆ ಕಟ್ಟಿ. ನಾವು ತಲೆ ಬಗ್ಗಿಸ್ತಿದ್ದದ್ದು ಎಳೆ ನೋಡೋಕಲ್ಲ, ಅಪ್ಪನ ಭಯಕ್ಕೆ. ಬೆಳಕು ಏರಿದಂಗೆಲ್ಲ ಕಣ್ಣು ಹೋಯ್ತು, ಅವಳು ಪೂರ್ತಿ ಬೆರಳನ್ನೇ ನಂಬಿದಳು. ಅದಕ್ಕೇ ಚುರುಕಾದಳು.

ನಿನ್ನ ಮೊದಲ ಕಾಗದ ಬಂದ ದಿನವೇ ನಂಗೆ ಇದು ಗೊತ್ತಿತ್ತು. ಬರೆದು, ಹೊಡೆದುಹಾಕಿದೆ. ನಿನ್ನ ಹೆಸರು ಹಾಳಾಗುತ್ತೆ, ನೀನು ಸಿಟ್ಟಾದ್ರೆ ಮಗಳ ಮದುವೆ ನಿಲ್ಲುತ್ತೆ ಅಂತ ಹೊಡೆದುಹಾಕಿದೆ. ನನ್ನ ಕೈ ಸುಡಬೇಕು. ಈಗಲಾದ್ರೂ ನಿಮ್ಮ ಸಾರ್‌ಗೆ ಹೇಳು. ಆ ಅಳತೆ ಮಿಲ್ಟ್ರಿಗೆ ಹೋದ್ರೆ ಇನ್ನೆಷ್ಟು ತಾಯಂದಿರ ಮಕ್ಕಳ ಕಣ್ಣು ಹೋಗುತ್ತೋ.

ಪಳನಿಯಮ್ಮ


ಕುರಿಚಿ
2-2-1985

ಅಕ್ಕನಿಗೆ,

ರಿಪೋರ್ಟ್ ಜನವರಿ ಹತ್ತಕ್ಕೇ ಹೋಗಿಯಾಯ್ತು. ಒಂಬತ್ತನೇ ಮೆಟ್ಟಿಲವರೆಗೆ ಅಪಾಯ ಇಲ್ಲ ಅಂತ ಇದೆ. ಕೆಳಗೆ ಸಾರ್ ಸಹಿ, ಅದರ ಕೆಳಗೆ ನಂದು. ನಂಗೆ ಸೂಪರ್‌ವೈಸರ್ ಕೆಲಸ ಕೊಟ್ಟಿದ್ದಾರೆ.

ವಿಜಯಾ ಸೇರುವಾಗ ಒಂದು ಪೇಪರಿಗೆ ಸಹಿ ಹಾಕಿದ್ದಾಳೆ. ಇಲ್ಲಿ ಏನು ನೋಡಿದೆ ಅಂತ ಡಾಕ್ಟರ್ ಹತ್ತಿರವೂ ಹೇಳೋ ಹಾಗಿಲ್ಲ. ದೇಶದ ಗುಟ್ಟು. ಹೇಳಿದ್ರೆ ಜೈಲು. ಅವಳಿಗೂ, ಹೇಳಿಸಿದ ನಿಂಗೂ.

ಇನ್ನು ನೀನು ಹೊಡೆದುಹಾಕಿದ ಸಾಲು. ಅಕ್ಕಾ, ಹೊಡೆದುಹಾಕಿದ್ದನ್ನ ಓದದೆ ಬಿಡೋನು ಯಾವ ಊರಲ್ಲಿದ್ದಾನೆ? ಅವತ್ತೇ ಹಾಳೆ ತಿರುಗಿಸಿ ಕಿಟಕಿಗೆ ಹಿಡಿದೆ. ‘ಕೆಚ್ಚೋಕೆ ಕಣ್ಣು ಬೇಡ ಕಣೋ, ಬೇರೆ ಏನಾದ್ರೂ ಕೊಡು’. ಬಾಲ್‌ಪೆನ್ನು ಒತ್ತಿ ಬರೆದಿದ್ದೆ, ಚೆನ್ನಾಗೇ ಕಂಡಿತು. ಆ ಹೊತ್ತಿಗೆ ಸಾರ್ ನನ್ನ ಬೆನ್ನು ತಟ್ಟಿ ಹತ್ತು ದಿನ ದಾಟಿತ್ತು. ಎಲ್ಲರ ಮುಂದೆ ಹೋಗಿ ‘ನಂಗೆ ನಮ್ಮ ಕುಲಕಸುಬೇ ಗೊತ್ತಿಲ್ಲ ಸಾರ್’ ಅನ್ನಬೇಕಿತ್ತಾ? ಅಕ್ಕನೂ ಎಲ್ಲ ಯೋಚಿಸಿಯೇ ಹೊಡೆದುಹಾಕಿದ್ದಾಳೆ, ಅವಳಿಗೂ ಒಪ್ಪಿಗೆ ಇದೆ ಅಂದ್ಕೊಂಡೆ. ಕೆಳಗೆ ‘ಒಳ್ಳೇ ಯೋಚನೆ’ ಅಂತಲೂ ಬರೆದಿದ್ದೀಯ. ಆ ಕಾಗದ ನನ್ನ ಪೆಟ್ಟಿಗೇಲಿ ಭದ್ರವಾಗಿದೆ.

ಹಾಗಾಗಿ ನನ್ನೊಬ್ಬನನ್ನೇ ಬಯ್ಯಬೇಡ. ಒಂದೇ ಹೊಟ್ಟೇಲಿ ಹುಟ್ಟಿದವರು ನಾವು.

ಈಶ್ವರನ್


ಅವಿನಾಶಿ
30-3-1985

ಈಶ್ವರನಿಗೆ,

ನಿನ್ನ ಕಾಗದ ಓದಿ ಎರಡು ದಿನ ಊಟ ಸೇರಲಿಲ್ಲ. ನಾನು ಹೊಡೆದುಹಾಕಿದ್ದನ್ನ ಓದಿಯೂ ಒಂಬತ್ತು ಮೆಟ್ಟಿಲು ಹತ್ತಿಸಿದೆಯಲ್ಲೋ. ಅಪ್ಪ ನಿನ್ನನ್ನ ಓಡಿಸಿದ ಕೋಲು ಸಾಲದಾಯ್ತು.

ಇಲ್ಲಿನ ಡಾಕ್ಟರ್ ಟಾರ್ಚು ಬಿಟ್ಟು ನೋಡಿ, ಹೊರಗಿನಿಂದ ಕಣ್ಣು ಚೆನ್ನಾಗೇ ಇದೆ ಅಂದರು. ಏನಮ್ಮಾ ನೋಡಿದೆ ಅಂತ ಕೇಳಿದ್ರು. ಸಹಿ ಹಾಕಿದ ಪೇಪರಿನ ಭಯಕ್ಕೆ ಏನೂ ಇಲ್ಲ ಅಂದಳು. ನುಗ್ಗೆಸೊಪ್ಪು ತಿನ್ನಿಸಿ ಅಂದರು. ನೀನು ಹೇಳಿದ ಔಷಧಿನೇ.

ಜೈಲಿಗೆ ಹಾಕಿಸ್ತೀನಿ ಅಂದ್ಯಲ್ಲ, ಹಾಕಿಸು. ಬಸ್ ಹತ್ತಿ ಸೂಲೂರಿಗೆ ಹೋದೆ. ನಂಗೆ ಗೊತ್ತಿರೋ ಮಿಲ್ಟ್ರಿ ಗೇಟು ಅದೊಂದೇ. ತಮಿಳಲ್ಲಿ ಅರ್ಜಿ ಬರೆಸಿಕೊಂಡು, ಬೆಳಿಗ್ಗೆಯಿಂದ ಮೂರು ಗಂಟೆವರೆಗೆ ಬಿಸಿಲಲ್ಲಿ ನಿಂತೆ. ಕೊನೆಗೆ ಒಬ್ಬ ಮೀಸೆ ಆಫೀಸರ್ ಇದು ನಮ್ಮ ಕೆಲಸ ಅಲ್ಲಮ್ಮಾ ಅಂತಲೇ ಈಸ್ಕೊಂಡು, ಸೇರಬೇಕಾದ ಕಡೆ ಕಳಿಸ್ತೀನಿ ಅಂದರು. ಅರ್ಜೀಲಿ ನಿನ್ನ ಹೆಸರು ಬರೆಸಿಲ್ಲ. ಕೈ ಬರಲಿಲ್ಲ.

ಅವರು ಬಂದು ಕೇಳೋಕೆ ಮುಂಚೆ ನೀನೇ ನಿಜ ಹೇಳು. ಹೇಳಿ, ಬಂದು ಅವಳ ಕೈ ಹಿಡಿ. ಎಲ್ಲ ಮರೀತೀನಿ.

ಪಳನಿಯಮ್ಮ


ಕುರಿಚಿ
22-6-1985

ಅಕ್ಕನಿಗೆ,

ಜೊತೇಲಿ ಲಗ್ನಪತ್ರಿಕೆ ಇದೆ, ನೋಡಿರ್ತೀಯ. ಜೂನ್ ಏಳಕ್ಕೆ ಮದುವೆ ಆಯ್ತು. ಹುಡುಗಿ ಚಂದ್ರಾ, ಸೋಮಸುಂದರಂ ಸಾರ್ ತಂಗಿ ಮಗಳು. ನಮ್ಮ ಜನವೇ. ಮುಂಚೆ ತಿಳಿಸಿದ್ರೆ ನೀನು ಬಂದು ಮಂಟಪದಲ್ಲಿ ರಂಪ ಮಾಡ್ತೀಯ ಅಂತ ತಿಳಿಸಲಿಲ್ಲ. ಮುರೆ ಅಂತ ಒಂದಿದೆ, ನಿಜ. ಆದ್ರೆ ಬೆಳಿಗ್ಗೆ ಎದ್ದು ಗಂಡನ ಮುಖ ನೋಡೋಕಾಗದವಳನ್ನ ಕಟ್ಕೊಂಡು ನಾನೇನು ಮಾಡಲಿ? ಸೀರೆ ಒಂದು ಕಳಿಸ್ತೀನಿ ಅವಳಿಗೆ.

ನಿನ್ನ ಅರ್ಜಿ ಊರೆಲ್ಲ ಸುತ್ತಿ ನಮ್ಮ ಸಾರ್ ಮೇಜಿಗೇ ಬಂತು. ಜುಲೈ ನಾಲ್ಕಕ್ಕೆ ಮೇಜರೂ ಇನ್ನೊಬ್ಬರೂ ನಿನ್ನ ಮನೆಗೇ ಬಂದು ಪರೀಕ್ಷೆ ಮಾಡ್ತಾರೆ. ಅದೇ ಪರೀಕ್ಷೆ, ಹತ್ತು ಎಳೆ. ಅದೇ ಸಾಕು ಅಂತ ಬರೆದುಕೊಟ್ಟವನು ನಾನೇ. ಅವರಿಗೆ ತಮಿಳೂ ಬರಲ್ಲ, ಕನ್ನಡವೂ ಬರಲ್ಲ. ನೀನು ಹೇಳೋದನ್ನ ಇಂಗ್ಲಿಷಲ್ಲಿ ಹೇಳೋಕೆ ನಾನು ಜೊತೆಗಿರ್ತೀನಿ.

ಮನೆ ಗುಡಿಸಿ ಇಟ್ಟಿರು.

ಈಶ್ವರನ್


ಅವಿನಾಶಿ
11-7-1985

ಈಶ್ವರನಿಗೆ,

ನೀನು ಅಲ್ಲೇ ನಿಂತಿದ್ದೆ, ಎಲ್ಲ ನೋಡಿದೆ. ಆದ್ರೂ ನಿಂಗೆ ಗೊತ್ತಿಲ್ಲದ್ದು ಒಂದಿದೆ. ಅದಕ್ಕೆ ಬರೀತಿದ್ದೀನಿ.

ನನ್ನ ಮಾತು ನಿನ್ನ ಬಾಯಿಂದಲೇ ಹೋಗಬೇಕು ಅಂದಮೇಲೆ, ಅದು ಎಲ್ಲಿ ತಲುಪುತ್ತೆ ಅಂತ ನಂಗೆ ಗೊತ್ತಾಯ್ತು. ಗೊತ್ತಿದ್ದೂ ಬಾಯಿ ಬಡ್ಕೊಂಡೆ. ನಾನು ಕಣ್ಣು ಮುಚ್ಚಿ ಕೆಚ್ಚಿ ತೋರಿಸ್ತೀನಿ ಅಂತ ಅವರ ಮುಂದೆ ಕೂತೂಬಿಟ್ಟೆ. ನೀನು ಏನು ಹೇಳಿದ್ಯೋ, ಮೇಜರ್ ನಕ್ಕು ನಂಗೆ ಕೈ ಮುಗಿದು ವಿಜಯಾ ಕಡೆ ತಿರುಗಿದರು. ಅಮ್ಮನಿಗೂ ಕೆಲಸ ಬೇಕಂತೆ ಅಂದ್ಯಾ? ಏನಂದ್ರೂ ಚೆನ್ನಾಗೇ ಅಂದಿರ್ತೀಯ, ಓದಿದವನು.

ಇದೆಲ್ಲ ಹೀಗಾಗುತ್ತೆ ಅಂತಲೇ ಅವತ್ತು ಬೆಳಿಗ್ಗೆ ತಲೆ ಬಾಚುವಾಗ ಅವಳಿಗೆ ಹೇಳಿದ್ದೆ. ‘ಇವತ್ತು ಕೆಟ್ಟದಾಗಿ ಕೆಚ್ಚು. ಎಳೆ ಕಡಿ, ತಡವರಿಸು, ಬೂದಿ ಚೆಲ್ಲು. ಮಾತು ತಿರುಚಬಹುದು, ಕಡಿದ ಎಳೆ ಎಲ್ಲರಿಗೂ ಕಾಣುತ್ತೆ. ಆಗ ದೊಡ್ಡಾಸ್ಪತ್ರೆಗೆ ಕರ್ಕೊಂಡು ಹೋಗ್ತಾರೆ, ಆ ಅಳತೆ ತಪ್ಪು ಅಂತನೂ ಬರೀತಾರೆ.’ ಸರಿಯಮ್ಮಾ ಅಂದಳು. ಹೇಗೆ ಕಡಿಯೋದು ಅಂತ ಎರಡು ಸಲ ಮಾಡಿಯೂ ನೋಡಿದಳು. ಕಡಿಯೋಕೆ ಅವಳ ಬೆರಳು ಒಪ್ತಿರಲಿಲ್ಲ, ನಾನೇ ಹಿಡಿದು ಕಡಿಸಿದೆ.

ಆಮೇಲೆ ನೀನು ಜೀಪಿನಿಂದ ಇಳಿದು ಬಾಗಿಲಲ್ಲಿ ನಿಂತು ‘ಏನಮ್ಮಾ ವಿಜಯಾ, ಚೆನ್ನಾಗಿದ್ದೀಯಾ?’ ಅಂದೆ.

ಅಷ್ಟೇ ನೀನು ಅಂದದ್ದು. ಅವಳು ನಿನ್ನ ದನಿ ಬಂದ ಕಡೆ ತಿರುಗಿದಳು. ಸೆರಗು ಸರಿಮಾಡ್ಕೊಂಡಳು. ಬೂದಿ ಮುಟ್ಟಿಕೊಂಡು ಕೂತಳು ನೋಡು, ನನ್ನ ಜನ್ಮದಲ್ಲಿ ಅಂಥ ಕೆಚ್ಚು ನಾನು ನೋಡಿಲ್ಲ. ಒಂದು ಎಳೆ ಕಡೀಲಿಲ್ಲ. ವಾಚು ನಿನ್ನ ಕೈಲಿತ್ತು, ಮೂವತ್ತೊಂದು ಅಂತ ನೀನೇ ಕೂಗಿದೆ. ಸಾಹೇಬರು ಇಬ್ಬರೂ ಚಪ್ಪಾಳೆ ತಟ್ಟಿದರು. ನಿಂತಲ್ಲೇ ಬರೆದುಕೊಂಡರು. ನನ್ನ ಮನೆ ಮಜ್ಜಿಗೆ ಕುಡಿದು ಹೋದರು.

ಜೀಪು ಹೋದಮೇಲೆ ಅವಳ ಬೆನ್ನಿಗೆ ನಾಲ್ಕು ಬಾರಿಸಿದೆ. ಯಾಕೇ ಹೀಗೆ ಮಾಡಿದೆ, ನಿನ್ನ ಕಣ್ಣು ನೀನೇ ಕಳ್ಕೊಂಡೆಯಲ್ಲೇ ಅಂದೆ. ಹೊಡೆಸಿಕೊಂಡಳು. ಆಮೇಲೆ ನನ್ನ ಕಿವಿ ಕಡೆ ನೋಡ್ತಾ ಹೇಳಿದಳು. ‘ಮಾವನ ಮುಂದೆ ಹೇಗಮ್ಮಾ ಕಡೀಲಿ? ನಂಗೆ ಕಣ್ಣು ಕಾಣಲ್ಲ ಅಂತ ಅವರಿಗೆ ಗೊತ್ತಾದ್ರೆ ಮದುವೆ ಮಾಡ್ಕೊಳ್ತಾರಾ?’

ನಿಂಗೆ ಗೊತ್ತಿಲ್ಲ ಅಂತ ಅಂದ್ಕೊಂಡಿದ್ದಾಳೆ, ಈಶ್ವರಾ. ನೀನು ಕಳಿಸಿದ ಲಗ್ನಪತ್ರಿಕೆ ಅಕ್ಕಿ ಡಬ್ಬದ ಕೆಳಗಿದೆ. ಹೇಳೋಕೆ ಬಾಯಿ ಬರಲಿಲ್ಲ ನಂಗೆ. ಇನ್ನೊಂದು ಸಲ ಹೊಡೆದುಹಾಕಿದ ಸಾಲು ಅದು. ಹೇಳಿದ್ದಿದ್ರೆ ಅವತ್ತು ಹತ್ತು ಎಳೆಯೂ ಕಡೀತಿದ್ದಳು.

ದಿನಾ ಸಂಜೆ ಬಾಗಿಲಲ್ಲಿ ಕೂತ್ಕೊಂಡು ಕೇಳ್ತಾಳೆ. ‘ಅಮ್ಮಾ, ನಾನು ಕೆಚ್ಚಿದ್ದನ್ನ ಮಾವ ನೋಡಿದ್ರಾ? ಏನಂದ್ರು? ಬರೋ ತೈಗೆ ಬರ್ತಾರಾ?’

ಬರ್ತಾರೆ ಅಂದಿದ್ದೀನಿ.

ಪಳನಿಯಮ್ಮ